ಲೆಮನ್ ಬಾಮ್ ಕೈಕೊಟ್ಟಾಗ ಎಲ್ಲಿ ನೋಡಬೇಕು: ಕುಂಡದಿಂದ ಟೀ ಲೋಟದವರೆಗೆ

ನಿಂಬೆ ಪರಿಮಳದ ಸೊಪ್ಪಿನ ಗಿಡ ಲೆಮನ್ ಬಾಮ್ ಬೆಂಗಳೂರಿನ ಹವೆಗೆ ಚೆನ್ನಾಗಿಯೇ ಒಗ್ಗುತ್ತದೆ. ತೊಂದರೆ ಏನಂದರೆ, ನೋಡೋಕೆ ಪುದೀನದ ಹಾಗಿದೆ ಅಂತ ಜನ ಅದನ್ನು ಪುದೀನದ ಹಾಗೇ ಸಾಕುತ್ತಾರೆ. ಇಲ್ಲವೇ ತುಳಸಿ ಪಕ್ಕ ಇಟ್ಟು ತುಳಸಿಗೆ ಮಾಡಿದ್ದನ್ನೇ ಇದಕ್ಕೂ ಮಾಡುತ್ತಾರೆ. ಎರಡೂ ನಡೆಯಲ್ಲ. ಪುದೀನ ಕುಡಿಯುವಷ್ಟು ನೀರು ಇದಕ್ಕೆ ಜಾಸ್ತಿ, ತುಳಸಿ ತಡೆಯುವಷ್ಟು ಬಿಸಿಲೂ ಜಾಸ್ತಿ. ಆಮೇಲೆ ಎಲೆ ಹಳದಿಯಾಯಿತು, ಗಿಡ ಬಾಡಿತು, ಪರಿಮಳ ಇಲ್ಲ, ಟೀ ಕುಡಿಯೋಕಾಗಲ್ಲ ಅಂತ ಒಂದೊಂದೇ ದೂರು ಶುರುವಾಗುತ್ತದೆ. ಯಾರನ್ನು ಕೇಳಿದರೂ ಸಿಗುವ ಮದ್ದು ಒಂದೇ: "ಸ್ವಲ್ಪ ಗೊಬ್ಬರ ಹಾಕಿ ನೋಡಿ."

ದಯವಿಟ್ಟು ಹಾಕಬೇಡಿ. ಏನನ್ನೇ ಸುರಿಯುವ ಮುಂಚೆ ಗಿಡದ ತುದಿಯ ಎಳೆ ಎಲೆ ನೋಡಿ, ಬುಡದ ಹಳೆ ಎಲೆ ನೋಡಿ, ಎಲೆ ಮಗುಚಿ ಹಿಂಬದಿ ನೋಡಿ. ದೋಷ ಎಲ್ಲಿ ಕಾಣುತ್ತಿದೆ, ಯಾವ ಹೊತ್ತಿಗೆ ಕಾಣುತ್ತಿದೆ ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೇ.

ಮೊದಲು, ಗಿಡ ಅದೇನಾ?

ಇದು ತಮಾಷೆಗೆ ಕೇಳುತ್ತಿಲ್ಲ. ಸಿದ್ದಾಪುರದ ನರ್ಸರಿ ಸಾಲಿನಲ್ಲಿ ನಿಂತು "ಲೆಮನ್ ಬಾಮ್ ಇದೆಯಾ?" ಅಂತ ಕೇಳಿದರೆ ನಿಂಬೆ ವಾಸನೆ ಬರುವ ಯಾವ ಗಿಡ ಬೇಕಾದರೂ ಕೈಗೆ ಬರಬಹುದು. ಲೆಮನ್ ಮಿಂಟ್ ಆಗಿರಬಹುದು, ನಿಂಬೆ ವಾಸನೆಯ ಕಾಮಕಸ್ತೂರಿ ಜಾತಿಯ ಗಿಡ ಆಗಿರಬಹುದು, ಸೊಳ್ಳೆ ಓಡಿಸುತ್ತೆ ಅಂತ ಮಾರುವ ಜೆರೇನಿಯಂ ಕೂಡ ಆಗಿರಬಹುದು. ಆ ಗಿಡಗಳಿಗೆಲ್ಲ ಬೇರೆ ಬೇರೆ ಆರೈಕೆ. ಗಿಡವೇ ಬೇರೆಯಾದರೆ ಕೆಳಗೆ ಬರೆದಿದ್ದರಲ್ಲಿ ಅರ್ಧ ನಿಮಗೆ ಉಪಯೋಗಕ್ಕೆ ಬರಲ್ಲ.

ಕಾಂಡವನ್ನು ಎರಡು ಬೆರಳ ಮಧ್ಯೆ ಉರುಳಿಸಿ. ಚೌಕವಾಗಿರಬೇಕು, ಮೂಲೆ ಬೆರಳಿಗೆ ತಾಗಬೇಕು. ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ಮುಂದಿನ ಜೋಡಿ ಅದಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಎಲೆಯ ಮೈ ಸುಕ್ಕುಸುಕ್ಕು, ಅಂಚಿನಲ್ಲಿ ಮೊಂಡು ಹಲ್ಲುಗಳು, ಬಣ್ಣ ತಿಳಿಹಸಿರು. ಉಜ್ಜಿದರೆ ನಿಂಬೆ ಸಿಪ್ಪೆಯ ಪರಿಮಳ ಬರಬೇಕು, ಪೆಪ್ಪರ್‌ಮಿಂಟ್‌ನ ತಂಪು ಬರಬಾರದು. ಇನ್ನೊಂದು ಗುರುತು ಬುಡದಲ್ಲಿದೆ. ಪುದೀನ ಮಣ್ಣಿನ ಮೇಲೂ ಒಳಗೂ ಬಳ್ಳಿ ಓಡಿಸಿ ಕುಂಡ ತುಂಬಿಕೊಳ್ಳುತ್ತದೆ. ಲೆಮನ್ ಬಾಮ್ ಕೂತ ಜಾಗದಲ್ಲೇ ಪೊದೆಯಾಗುತ್ತದೆ, ದೂರ ಹರಡುವುದು ಬೀಜ ಉದುರಿಸಿ.

ಖಾಲಿ ಸೈಟಿನಿಂದ ಕಿತ್ತು ತಂದಿದ್ದಾದರೆ ಇನ್ನೂ ಹುಷಾರಾಗಿರಿ. ಲಂಟಾನ ಗಿಡದ ಎಲೆಯೂ ಸುಕ್ಕುಸುಕ್ಕು, ಕಾಂಡವೂ ಚೌಕ, ಎಲೆಯೂ ಜೋಡಿಜೋಡಿ. ಆದರೆ ಅದರ ಎಲೆ ಉಪ್ಪುಕಾಗದದಷ್ಟು ಒರಟು, ವಾಸನೆ ಘಾಟು, ಎಷ್ಟೋ ಸಲ ಕಾಂಡದಲ್ಲಿ ಸಣ್ಣ ಮುಳ್ಳೂ ಇರುತ್ತದೆ. ಅದು ವಿಷ, ಬಾಯಿಗೆ ಹಾಕುವ ಹಾಗಿಲ್ಲ. ಅನುಮಾನ ಇದ್ದರೆ ತಿನ್ನಬೇಡಿ, ಅಷ್ಟೇ.

ಗಿಡ ಜೋತುಬಿದ್ದಿದೆ

ಅತಿ ಜಾಸ್ತಿ ಬರುವ ದೂರು ಇದು, ಅತಿ ಜಾಸ್ತಿ ತಪ್ಪು ಚಿಕಿತ್ಸೆ ಆಗುವುದೂ ಇದಕ್ಕೇ. ಬಾಡಿದ ಗಿಡ ಕಂಡ ತಕ್ಷಣ ಮಗ್ ಹಿಡಿದು ಓಡುವುದು ನಮ್ಮೆಲ್ಲರ ಅಭ್ಯಾಸ. ಆದರೆ ನೀರು ಕಡಿಮೆಯಾದರೂ ಈ ಗಿಡ ಜೋಲುತ್ತದೆ, ಜಾಸ್ತಿಯಾಗಿ ಬೇರು ಕೊಳೆತರೂ ಹಾಗೇ ಜೋಲುತ್ತದೆ. ಮೇಲಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣಲ್ಲ.

ಹೊತ್ತು ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಜೋತುಬಿದ್ದು, ಸಂಜೆ ಬಿಸಿಲು ಇಳಿದ ಮೇಲೆ ತಾನಾಗಿ ಎದ್ದು ನಿಂತರೆ ಅದು ಬಿಸಿಲಿನ ಏಟು. ನೀರಿನ ದೋಷ ಅಲ್ಲ, ಜಾಗದ ದೋಷ. ಬೆಳಗ್ಗೆ ಏಳು ಗಂಟೆಗೇ, ರಾತ್ರಿಯಿಡೀ ತಂಪು ಸಿಕ್ಕ ಮೇಲೂ ತಲೆ ತಗ್ಗಿಸಿಕೊಂಡೇ ಇದ್ದರೆ ವಿಷಯ ಮಣ್ಣಿನೊಳಗಿದೆ. ಆಗ ಬೆರಳನ್ನು ಎರಡು ಗೆಣ್ಣು ಮುಳುಗುವ ತನಕ ಮಣ್ಣಿಗೆ ಇಳಿಸಿ. ಒಳಗೂ ಒಣಗಿದ್ದರೆ ಬಾಯಾರಿಕೆ. ನೀರು ಕೊಡಿ, ಒಂದೆರಡು ಗಂಟೆಯಲ್ಲಿ ಎದ್ದೇಳುತ್ತದೆ. ಒಳಗೆ ಒದ್ದೆ ಇದ್ದೂ ಗಿಡ ಬಾಡಿದ್ದರೆ ಬೇರು ಕೆಟ್ಟಿದೆ. ಇನ್ನೊಂದು ಮಗ್ ನೀರು ಹಾಕಿದರೆ ಉಳಿದಿರೋದೂ ಹೋಗುತ್ತದೆ.

ಬೇರು ನೋಡಲೇಬೇಕು ಅಂದಾಗ ಸಂಕೋಚ ಬೇಡ. ಕುಂಡ ಅಡ್ಡ ಮಲಗಿಸಿ, ಪಕ್ಕ ತಟ್ಟಿ, ಮಣ್ಣಿನ ಹೆಂಟೆ ಸಮೇತ ಹೊರಗೆ ಎಳೆಯಿರಿ. ಒಳ್ಳೆ ಬೇರು ಬಿಳಿ ಅಥವಾ ತಿಳಿ ಬಣ್ಣದಲ್ಲಿ ಗಟ್ಟಿಯಾಗಿ ಇರುತ್ತದೆ. ಕೊಳೆತಿದ್ದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಉಗುರಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ, ಚರಂಡಿ ವಾಸನೆ ಬೇರೆ. ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆಯಿರಿ. ಬೇರು ಕಡಿಮೆಯಾದಷ್ಟೂ ಮೇಲಿನ ಸೊಪ್ಪನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಇರುವ ನಾಲ್ಕು ಬೇರು ಅಷ್ಟು ಎಲೆಗೆ ನೀರು ಎಲ್ಲಿಂದ ತರಬೇಕು? ಅರ್ಧ ಸೊಪ್ಪು ಸವರಿ, ಹೊಸ ಮಣ್ಣಿಗೆ ಹಾಕಿ, ಒಂದು ವಾರ ನೆರಳಲ್ಲಿಡಿ.

ಹೊಸ ಮಣ್ಣು ಅಂದರೆ ಬರೀ ಕೆಮ್ಮಣ್ಣಲ್ಲ. ನಮ್ಮ ಕೆಮ್ಮಣ್ಣು ನೆಲದಲ್ಲಿ ಚಿನ್ನ, ಆದರೆ ಕುಂಡದಲ್ಲಿ ನಾಲ್ಕು ಸಲ ನೀರು ಕುಡಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ದಪ್ಪ ಮರಳು ಸೇರಿಸಿದರೆ ಸಾಕು. ಎಂ ಸ್ಯಾಂಡ್ ಹಾಕುವುದಾದರೆ ತೊಳೆದು ಹಾಕಿ. ಅದರಲ್ಲಿರುವ ಕಲ್ಲುಪುಡಿ ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಕುಂಡ ಹತ್ತರಿಂದ ಹನ್ನೆರಡು ಇಂಚು ಅಗಲ ಇರಲಿ. ಪೇಂಟ್ ಬಕೆಟ್ಟೂ ಆಗುತ್ತದೆ, ತಳದಲ್ಲಿ ಒಂದೇ ತೂತು ಬದಲು ಐದಾರು ಕೊರೆದಿದ್ದರೆ.

ಇದಕ್ಕೆ ಉಲ್ಟಾ ಕೇಸ್ ಕೂಡ ಒಂದಿದೆ, ಅದು ಜನರನ್ನು ಜಾಸ್ತಿ ತಬ್ಬಿಬ್ಬು ಮಾಡುತ್ತದೆ. ದಿನಾ ನೀರು ಹಾಕುತ್ತೀರಿ, ತಳದಿಂದ ನೀರೂ ಹೊರಗೆ ಬರುತ್ತದೆ, ಆದರೂ ಗಿಡ ಬಾಡುತ್ತಿದೆ. ನರ್ಸರಿಯಿಂದ ಬರೀ ಕೋಕೋಪೀಟ್‌ನಲ್ಲಿ ಬಂದ ಗಿಡಗಳಿಗೆ ಹೀಗಾಗುತ್ತದೆ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿದರೆ ಸುರಿದ ನೀರನ್ನು ತಕ್ಷಣ ಹೀರಿಕೊಳ್ಳಲ್ಲ. ಉಂಡೆ ಕುಗ್ಗಿ ಕುಂಡದ ಗೋಡೆ ಬಿಟ್ಟಿರುತ್ತದೆ, ನೀರು ಆ ಸಂದಿಯಲ್ಲೇ ಇಳಿದು ತಳ ಸೇರುತ್ತದೆ, ನಡುವಿನ ಬೇರಿಗೆ ಒಂದು ಹನಿಯೂ ಸಿಕ್ಕಿರಲ್ಲ. ಕುಂಡ ಎತ್ತಿ ನೋಡಿ, ಹಗುರ ಇದ್ದರೆ ಇದೇ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕುಂಡವನ್ನು ಕೂರಿಸಿ. ಮೊದಲು ಗುಳುಗುಳು ಅಂತ ಗುಳ್ಳೆ ಬರುತ್ತದೆ. ಅದು ನಿಂತ ಮೇಲೆ ತೆಗೆದು ಬಸಿಯಲು ಬಿಡಿ.

ಬಿಸಿಲಿನ ಲೆಕ್ಕ

ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲಿಂದ ಮಧ್ಯ ಏಷ್ಯಾದವರೆಗಿನ ಸೀಮೆಯ ಗಿಡ ಇದು. ಬೆಂಗಳೂರಿನ ಡಿಸೆಂಬರ್, ಜನವರಿ ಇದಕ್ಕೆ ಹಬ್ಬ. ಮಾರ್ಚ್‌ನಿಂದ ಮೇ ಮಧ್ಯದ ತನಕ ಕಷ್ಟಕಾಲ. 2016ರ ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 39.2 ಡಿಗ್ರಿ ದಾಖಲಾಗಿತ್ತು, ನೆನಪಿದೆಯಾ? ಅಷ್ಟು ಬಿಸಿ ಇರದ ದಿನವೂ ಟೆರೇಸಿನ ಕಾಂಕ್ರೀಟ್ ಮೇಲೆ ನೇರವಾಗಿ ಇಟ್ಟ ಕಪ್ಪು ಗ್ರೋ ಬ್ಯಾಗಿನೊಳಗೆ ಕೈ ಇಟ್ಟರೆ ಮಣ್ಣು ಬಿಸಿ ಅನ್ನಿಸುತ್ತದೆ. ಬೇರು ಬೇಯುತ್ತಿರುವಾಗ ಎಲೆಗೆ ನೀರು ಚಿಮುಕಿಸಿ ಏನು ಮಾಡೋದು?

ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ ಇದ್ದರೆ ಅದೇ ಬೆಸ್ಟ್. ಬೆಳಗಿನ ನಾಲ್ಕೈದು ಗಂಟೆ ಬಿಸಿಲು, ಆಮೇಲೆ ನೆರಳು. ಪಶ್ಚಿಮದ ಬಾಲ್ಕನಿ ಮಾತ್ರ ಇರುವವರು ಬೇಸಿಗೆಯಲ್ಲಿ 50 ಪರ್ಸೆಂಟಿನ ಹಸಿರು ನೆರಳು ಪರದೆ ಕಟ್ಟಿ, ಇಲ್ಲವೇ ಕುಂಡವನ್ನು ದೊಡ್ಡ ಗಿಡದ ಹಿಂದೆ ಸರಿಸಿ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿ. ಮಣ್ಣಿನ ಮೇಲೆ ಒಣಗಿದ ತರಗೆಲೆ ಹೊದಿಸಿ. ಎಲೆ ನಡುವೆ ಬಿಳಚಿಕೊಂಡು ಕಾಗದದ ಹಾಗೆ ಒಣಗಿದ ಕಲೆ, ಅದೂ ಬಿಸಿಲಿಗೆ ಮುಖ ಮಾಡಿದ ಕಡೆ ಮಾತ್ರ ಇದ್ದರೆ ಅದು ಬಿಸಿಲ ಸುಟ್ಟಗಾಯ. ರೋಗ ಅಲ್ಲ, ಔಷಧಿ ಹೊಡೆಯಬೇಡಿ.

ಬಿಸಿಲು ತೀರಾ ಕಡಿಮೆಯಾದರೆ ಬೇರೆ ತೊಂದರೆ. ಗಿಡ ಉದ್ದುದ್ದ, ಸಪೂರ, ಎಲೆ ದೂರದೂರ, ಕಿಟಕಿ ಕಡೆಗೇ ವಾಲಿಕೊಂಡು. ಅದನ್ನು ಕಡ್ಡಿ ಊರಿ ಕಟ್ಟಿ ನಿಲ್ಲಿಸುವುದು ದಂಡ. ಬೆಳಕಿನ ಕಡೆ ಸರಿಸಿ, ಬುಡದಿಂದ ನಾಲ್ಕು ಇಂಚು ಬಿಟ್ಟು, ಎಲೆ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ. ಅಷ್ಟೊಂದು ಕತ್ತರಿಸೋದಾ ಅಂತ ಜೀವ ಹಿಡಿಯಬೇಡಿ. ಮೂರು ನಾಲ್ಕು ವಾರದಲ್ಲಿ ಗುಂಪಾಗಿ ಚಿಗುರುತ್ತದೆ. ಕತ್ತರಿಸದೆ ಬಿಟ್ಟ ಗಿಡವೇ ಬೇಗ ಮುದಿಯಾಗುವುದು.

ಎಲೆ ಹಳದಿ: ಬೆಂಗಳೂರಿನಲ್ಲಿ ಇದು ನೀರಿನ ಕಥೆ

ಹಳದಿ ಅಂದರೆ ಒಂದೇ ಹಳದಿ ಅಲ್ಲ. ಬುಡದ ಹಳೆ ಎಲೆಗಳು ಪೂರ್ತಿ, ನರ ಸಮೇತ ಸಮನಾಗಿ ಹಳದಿಯಾಗಿ ಉದುರುತ್ತಿದ್ದರೆ, ಜೊತೆಗೆ ಹೊಸ ಬೆಳವಣಿಗೆಯೂ ನಿಂತಿದ್ದರೆ ಸಾರಜನಕ ಸಾಲುತ್ತಿಲ್ಲ. ಎರಡು ಹಿಡಿ ಎರೆಗೊಬ್ಬರ ಕೊಟ್ಟರೆ ಸರಿಹೋಗುತ್ತದೆ. ಒದ್ದೆ ಮಣ್ಣಿನ ಜೊತೆ ಬುಡದ ಎಲೆ ಹಳದಿಯಾದರೆ ಮೇಲೆ ಹೇಳಿದ ಬೇರಿನ ಕೇಸ್.

ಆದರೆ ತುದಿಯ ಹೊಸ ಎಲೆಯೇ ಹಳದಿ, ನರ ಮಾತ್ರ ಹಸಿರಾಗಿ ಬಲೆ ಬರೆದ ಹಾಗೆ ಕಾಣುತ್ತಿದೆ ಅಂದರೆ? ಕಬ್ಬಿಣದಂಶ ಸಿಗುತ್ತಿಲ್ಲ. ಮಣ್ಣಲ್ಲಿ ಅದು ಇಲ್ಲ ಅಂತಲ್ಲ. ನಮ್ಮ ಕೆಮ್ಮಣ್ಣಿಗೆ ಆ ಬಣ್ಣ ಬಂದಿರೋದೇ ಕಬ್ಬಿಣದಿಂದ. ಗಡಸು ಬೋರ್‌ವೆಲ್ ನೀರನ್ನು ತಿಂಗಳುಗಟ್ಟಲೆ ಹಾಕಿ ಹಾಕಿ ಮಣ್ಣು ಕ್ಷಾರವಾದಾಗ ಇದ್ದ ಕಬ್ಬಿಣವನ್ನೂ ಬೇರು ಎಳೆದುಕೊಳ್ಳೋಕಾಗಲ್ಲ. ಕುಂಡದ ಅಂಚಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಬರುತ್ತದೆ. ಅದೇ ಸಾಕ್ಷಿ.

2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಆದಾಗ ಗಿಡಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆಗಿನಿಂದ ಎಷ್ಟೋ ಮನೆಗಳಲ್ಲಿ ಆರ್‌ಒ ಫಿಲ್ಟರ್‌ನ ವೇಸ್ಟ್ ನೀರು ಗಿಡಕ್ಕೆ ಹೋಗುತ್ತಿದೆ. ನೀರು ಉಳಿಸೋದು ಒಳ್ಳೆಯದೇ. ಆದರೆ ಆ ನೀರಲ್ಲಿ ಫಿಲ್ಟರ್ ತಡೆದ ಉಪ್ಪೆಲ್ಲ ಇರುತ್ತದೆ, ನಲ್ಲಿ ನೀರಿಗಿಂತ ಜಾಸ್ತಿ. ಕುಡಿಯುವ ನೀರಿಗೆ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪಿನಂಶ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ನಮ್ಮ ದೇಶದ ಮಾನದಂಡ. ಬೋರ್‌ವೆಲ್ ಇರುವ ಮನೆಯ ಆರ್‌ಒ ವೇಸ್ಟ್ ಇದನ್ನು ಸಲೀಸಾಗಿ ದಾಟುತ್ತದೆ. ಅದನ್ನು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಹನ್ನೆರಡು ಇಂಚಿನ ಕುಂಡಕ್ಕೆ ದಿನಾ ಹಾಕಿದರೆ ಎಲೆಯ ಅಂಚು ಕಂದಾಗಿ ಸುಟ್ಟಂತೆ ಆಗುತ್ತದೆ, ಅದೂ ಸುತ್ತಲೂ, ಒಂದೇ ಸಮನೆ.

ಇನ್ನೊಂದು ಕಳ್ಳ ಇದೆ, ಅಪಾರ್ಟ್‌ಮೆಂಟಿನ ಸಾಫ್ಟ್‌ನರ್. ವೈಟ್‌ಫೀಲ್ಡ್ ಕಡೆ ಇರುವ ನಮ್ಮ ಅತ್ತಿಗೆ ಮನೆಯಲ್ಲಿ ಗಿಡ ಸೊರಗುತ್ತಿತ್ತು. "ನೀರು ಸಾಫ್ಟ್ ಆಗೇ ಇದೆಯಲ್ಲಾ, ಸೋಪು ಎಷ್ಟು ಚೆನ್ನಾಗಿ ನೊರೆ ಬರುತ್ತೆ!" ಅಂತ ಅತ್ತಿಗೆ. ನೊರೆ ಬರೋದು ನಿಜ. ಆದರೆ ಸಾಫ್ಟ್‌ನರ್ ಮಾಡುವುದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುವ ಕೆಲಸ. ಬಟ್ಟೆಗೆ ಒಳ್ಳೆಯದು, ಕುಂಡದ ಮಣ್ಣಿಗೆ ಅಲ್ಲ. ಸೋಡಿಯಂ ಸೇರಿದ ಮಣ್ಣು ಬಿಗಿದುಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗಲ್ಲ. ಕಾಂಪೌಂಡಿನಲ್ಲಿ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಾದರೂ ಇದೆಯಾ ಅಂತ ಪ್ಲಂಬರ್ ಹತ್ತಿರ ಕೇಳಿದರೆ ಗೊತ್ತಾಗುತ್ತದೆ.

ಚಿಕಿತ್ಸೆ ಸರಳ. ಕಾವೇರಿ ನೀರು ಬರುವ ದಿನ ಅಥವಾ ಮಳೆ ಬಿದ್ದಾಗ ಹಿಡಿದಿಟ್ಟ ನೀರನ್ನು ಕುಂಡದ ಅಳತೆಗಿಂತ ಎರಡು ಮೂರು ಪಟ್ಟು, ನಿಧಾನವಾಗಿ, ತಳದಿಂದ ಹರಿದು ಹೋಗುವ ಹಾಗೆ ಸುರಿಯಿರಿ. ಸೇರಿದ ಉಪ್ಪು ತೊಳೆದು ಹೋಗುತ್ತದೆ. ಮೇಲೆ ಒಂದು ಪದರ ಎರೆಗೊಬ್ಬರ. ಹೊಸ ಎಲೆ ಆಮೇಲೂ ಹಳದಿಯೇ ಬಂದರೆ ಚೀಲೇಟೆಡ್ ಕಬ್ಬಿಣ ಅಂತ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಪ್ಯಾಕೆಟ್ ಮೇಲಿನ ಅಳತೆಯಲ್ಲೇ ಕೊಡಿ. ಎಪ್ಸಮ್ ಸಾಲ್ಟ್ ಹಾಕಿ ಅಂತ ಎಲ್ಲದಕ್ಕೂ ಹೇಳುವವರಿದ್ದಾರೆ. ಅದರಲ್ಲಿ ಇರೋದು ಮೆಗ್ನೀಸಿಯಂ, ಅದರ ಕೊರತೆ ಕಾಣುವುದು ಹಳೆ ಎಲೆಯಲ್ಲಿ. ಹೊಸ ಎಲೆಯ ಹಳದಿಗೆ ಅದನ್ನು ಹಾಕಿದರೆ ಸುಮ್ನೆ ಇನ್ನೊಂದಿಷ್ಟು ಉಪ್ಪು ಸೇರಿಸಿದ ಹಾಗಾಯಿತು ಅಲ್ವಾ?

ಬಿಳಿ, ಕಪ್ಪು, ಅಂಟು

ಎಲೆ ಮೇಲೆ ಬಿಳಿ ಕಂಡರೆ ಹೆಬ್ಬೆರಳಲ್ಲಿ ಒರೆಸಿ. ಹಿಟ್ಟಿನ ಹಾಗೆ ಬೆರಳಿಗೆ ಹತ್ತಿ, ಮೂರು ದಿನದಲ್ಲಿ ಅದೇ ಜಾಗಕ್ಕೆ ಮತ್ತೆ ಬಂದರೆ ಬೂದಿ ರೋಗ. ಹಗಲು ಒಣ ಬಿಸಿಲು, ರಾತ್ರಿ ಚಳಿ ಇರುವ ದಿನಗಳಲ್ಲಿ, ಗಾಳಿ ಆಡದ ಮೂಲೆಯಲ್ಲಿ ಜಾಸ್ತಿ. ಒರೆಸಿದರೆ ಹೋಗದೆ, ವಿನೆಗರ್ ಹಚ್ಚಿದ ಹತ್ತಿಗೆ ಕರಗಿದರೆ ಗಡಸು ನೀರಿನ ಕಲೆ. ಒರೆಸಿದಾಗ ಬೂದು ಮಣ್ಣು ಬಂದರೆ ಅದು ಪಕ್ಕದ ಕಟ್ಟಡದ್ದೋ ಮೆಟ್ರೋ ಕಾಮಗಾರಿಯದ್ದೋ ಧೂಳು. ಅದಕ್ಕೆ ಬೇಕಾಗಿರೋದು ಒಂದು ಸ್ನಾನ. ಬೂದಿ ರೋಗಕ್ಕೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬೆಳಗಿನ ಬಿಸಿಲಿಗೆ ಮುಂಚೆ ಸಿಂಪಡಿಸಿ, ವಾರಕ್ಕೊಮ್ಮೆ. ಜಾಸ್ತಿ ಹರಡಿದ್ದರೆ ಹಾಲು ದಂಡ ಮಾಡದೆ ಗಿಡವನ್ನು ಬುಡಕ್ಕೆ ಸವರಿಬಿಡಿ.

ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಬರುವ ಕಂದು ಕಪ್ಪು ಚುಕ್ಕೆ ಶಿಲೀಂಧ್ರದ್ದು. ಚುಕ್ಕೆ ಎಲೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗಲ್ಲ. ಕುಂಡಗಳ ನಡುವೆ ಜಾಗ ಬಿಡಿ, ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಸೊಳ್ಳೆಗೂ ಅದೇ ಮನೆ.

ಎಲೆ ಮಂಕಾಗಿ, ಸೂಜಿಮೊನೆಯಷ್ಟು ಬಿಳಿ ಚುಕ್ಕೆ ತುಂಬಿಕೊಂಡು, ಹುಳ ಮಾತ್ರ ಕಾಣಿಸುತ್ತಿಲ್ಲ ಅಂದರೆ ಒಂದು ಬಿಳಿ ಹಾಳೆ ತನ್ನಿ. ಎಲೆ ಕೆಳಗೆ ಹಿಡಿದು ರೆಂಬೆಯನ್ನು ಎರಡು ಸಲ ತಟ್ಟಿ. ಧೂಳಿನ ಕಣದಂಥವು ಬೀಳುತ್ತವೆ. ಹಾಗೇ ನೋಡುತ್ತಿರಿ, ಕೆಲವು ನಡೆಯಲು ಶುರುಮಾಡುತ್ತವೆ. ಅದು ನುಸಿ. ಬೇಸಿಗೆಯ ಒಣ ಹವೆಯಲ್ಲಿ ಬರುತ್ತದೆ. ಎಲೆಯ ಹಿಂಬದಿಗೆ ಜೋರಾಗಿ ನೀರು ಹೊಡೆದು ತೊಳೆಯುವುದೇ ಮೊದಲ ಮದ್ದು, ದಿನ ಬಿಟ್ಟು ದಿನ. ಹಿಟ್ಟು ತಿಗಣೆ ಆದರೆ ಗೆಣ್ಣಿನ ಸಂದಿಯಲ್ಲಿ ಹತ್ತಿಯಂತೆ ಕೂತಿರುತ್ತದೆ, ಇರುವೆ ಓಡಾಡುತ್ತಿರುತ್ತವೆ. ಪಕ್ಕದಲ್ಲಿ ದಾಸವಾಳ ಇದ್ದರೆ ಬಂದಿದ್ದು ಅಲ್ಲಿಂದಲೇ ಇರಬೇಕು, ಅದಕ್ಕೂ ಚಿಕಿತ್ಸೆ ಮಾಡದೆ ಇದಕ್ಕೆ ಮಾಡಿ ಪ್ರಯೋಜನ ಇಲ್ಲ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು. ಹೊಡೆದ ಮೇಲೆ ಒಂದು ವಾರ ಎಲೆ ಕೀಳಬೇಡಿ. ಆಮೇಲೂ ಚೆನ್ನಾಗಿ ತೊಳೆದು ಬಳಸಿ, ಬೇವಿನ ಕಹಿ ಟೀಗೆ ಇಳಿದರೆ ಆ ಟೀ ಸಿಂಕಿಗೇ.

ಬೀಜದ ವಿಷಯ ಎರಡೇ ಮಾತು. ಹುಟ್ಟಲಿಲ್ಲ ಅನ್ನುವವರಲ್ಲಿ ಬಹಳ ಜನ ಅದನ್ನು ಮಣ್ಣಲ್ಲಿ ಹೂತಿರುತ್ತಾರೆ. ಬೀಜ ತೀರಾ ಸಣ್ಣ, ಮೊಳೆಯಲು ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿ, ಮುಚ್ಚಬೇಡಿ, ಎರಡು ಮೂರು ವಾರ ಕಾಯಿರಿ. ಏಪ್ರಿಲ್‌ನಲ್ಲಿ ಬಿತ್ತಬೇಡಿ. ಅದಕ್ಕಿಂತ ಗೊತ್ತಿದ್ದವರ ಮನೆಯಿಂದ ನಾಲ್ಕು ಇಂಚಿನ ತುದಿ ತಂದು, ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿಟ್ಟರೆ ಬೇರು ಬರುತ್ತದೆ. ಪೈಸೆ ಖರ್ಚಿಲ್ಲ.

ಗಿಡ ಸೊಗಸಾಗಿದೆ, ಪರಿಮಳ ಇಲ್ಲ

ದಪ್ಪ ಕಡುಹಸಿರು ಎಲೆ, ಉಜ್ಜಿದರೆ ಬರೀ ಸೊಪ್ಪಿನ ವಾಸನೆ. ಗೊಬ್ಬರ ಜಾಸ್ತಿಯಾದರೆ, ಸಗಣಿ ನೀರು ವಾರವಾರ ಹೋದರೆ, ನೆರಳು ಜಾಸ್ತಿಯಾದರೆ ಹೀಗೆ. ಪರಿಮಳದ ಎಣ್ಣೆ ಇರೋದು ಎಲೆಯ ಮೈಮೇಲಿನ ಸಣ್ಣ ಗ್ರಂಥಿಗಳಲ್ಲಿ, ಅದೂ ತೀರಾ ಕಡಿಮೆ, ಒಣ ಎಲೆಯ ತೂಕದಲ್ಲಿ ಅರ್ಧ ಪರ್ಸೆಂಟೂ ಇರಲ್ಲ. ಎಲೆ ಉಬ್ಬಿ ಬೆಳೆದಷ್ಟೂ ಅದು ತೆಳುವಾಗುತ್ತದೆ. ಗೊಬ್ಬರ ನಿಲ್ಲಿಸಿ, ನೀರು ಕೊಂಚ ಹಿಡಿದು ಹಾಕಿ, ಬೆಳಗಿನ ಬಿಸಿಲು ಕೊಡಿ. ಹೂಮೊಗ್ಗು ಕಂಡರೆ ಚಿವುಟಿ, ಹೂ ಬಿಟ್ಟ ಮೇಲೆ ಎಲೆಯ ಸೊಗಡು ಇಳಿಯುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ತುದಿಯ ಎಳೆ ಎಲೆ ಕೀಳಿ.

ಮಜ್ಜಿಗೆ ಹುಲ್ಲಿನಷ್ಟು ಘಮ ಬರುತ್ತಿಲ್ಲ ಅನ್ನುವುದು ದೋಷ ಅಲ್ಲ. ಎರಡರಲ್ಲೂ ನಿಂಬೆ ವಾಸನೆ ಕೊಡುವುದು ಸಿಟ್ರಾಲ್ ಅನ್ನುವ ಅದೇ ಅಂಶ, ಆದರೆ ಮಜ್ಜಿಗೆ ಹುಲ್ಲಿನಲ್ಲಿ ಎಣ್ಣೆಯೇ ಜಾಸ್ತಿ. ಗಿಡ ಇಟ್ಟರೂ ಸೊಳ್ಳೆ ಹೋಗಲಿಲ್ಲ ಅನ್ನೋದೂ ಅಷ್ಟೇ. ಎಲೆ ಮುರಿಯದೆ ಎಣ್ಣೆ ಹೊರಗೆ ಬರಲ್ಲ, ಸುಮ್ಮನೆ ನಿಂತ ಗಿಡಕ್ಕೆ ಸೊಳ್ಳೆ ಯಾಕೆ ಹೆದರಬೇಕು? ಜೇನ್ನೊಣಕ್ಕೆ ಮಾತ್ರ ಈ ವಾಸನೆ ಇಷ್ಟ. ಗೂಡಿನ ದಾರಿ ತೋರಿಸಲು ಜೇನುಗಳೇ ಬಿಡುವ ವಾಸನೆಯಲ್ಲೂ ಸಿಟ್ರಾಲ್ ಇದೆ. ಅದಕ್ಕೇ ಯುರೋಪಿನ ಜೇನು ಸಾಕುವವರು ಖಾಲಿ ಪೆಟ್ಟಿಗೆಗೆ ಈ ಎಲೆ ತಿಕ್ಕುತ್ತಿದ್ದರು.

ಅಡುಗೆಮನೆಯ ದೋಷಗಳು

ಟೀ ಒಣಹುಲ್ಲು ಬೇಯಿಸಿದ ಹಾಗಿದೆ. ಕಾರಣ, ಕುದಿಸಿದ್ದೀರಿ. ಟೀಪುಡಿ, ಶುಂಠಿ, ಎಲೆ ಎಲ್ಲ ಒಟ್ಟಿಗೆ ಹಾಕಿ ಕೊತಕೊತ ಕುದಿಸುವುದು ನಮ್ಮ ಪದ್ಧತಿ. ಶುಂಠಿ ತಡೆಯುತ್ತದೆ, ಇದು ತಡೆಯಲ್ಲ. ಪರಿಮಳ ಆವಿಯಾಗಿ ಹೋಗುತ್ತದೆ. ಅಡುಗೆಮನೆ ಘಮಘಮ ಅಂದರೆ ಲೋಟದಲ್ಲಿ ಏನೂ ಉಳಿದಿಲ್ಲ ಅಂತಲೇ ಅರ್ಥ. ನೀರು ಕುದಿಸಿ, ಒಲೆ ಆರಿಸಿ, ಹತ್ತು ಹನ್ನೆರಡು ಎಲೆಗಳನ್ನು ಕೈಯಲ್ಲಿ ಒಮ್ಮೆ ಹಿಸುಕಿ ಹಾಕಿ, ತಟ್ಟೆ ಮುಚ್ಚಿ. ಏಳೆಂಟು ನಿಮಿಷ ಬಿಟ್ಟು ತಟ್ಟೆ ತೆಗೆದು ಅದರ ಒಳಮೈ ಮೂಸಿ ನೋಡಿ. ಅಲ್ಲಿ ಕೂತಿರುವ ಹನಿಗಳಲ್ಲೇ ಪರಿಮಳ ಇರುತ್ತದೆ. ಅದನ್ನು ಪಾತ್ರೆಗೇ ಕೊಡವಿ, ಆಮೇಲೆ ಸೋಸಿ. ಸೋಸುವಾಗ ಎಲೆಯನ್ನು ಚಮಚದಲ್ಲಿ ಒತ್ತಿ ಹಿಂಡಿದರೆ ಒಗರು ಬರುತ್ತದೆ. ಹಾಲು ಹಾಕಿದರೆ ಒಡೆಯುತ್ತಾ ಅಂತ ಕೇಳುತ್ತಾರೆ. ಈ ಎಲೆಯಲ್ಲಿ ಹಾಲು ಒಡೆಯುವಷ್ಟು ಹುಳಿ ಇಲ್ಲ, ಒಡೆಯಲ್ಲ. ಆದರೆ ರುಚಿ ಮಂಕಾಗುತ್ತದೆ, ನನಗಂತೂ ಹಾಲಿನ ಜೊತೆ ಇದು ಸೇರಲ್ಲ.

ಹುಳಿ ಇಲ್ಲ ಅನ್ನುವ ಈ ಸಂಗತಿಯೇ ಉಳಿದ ಅಡುಗೆಯ ಎಡವಟ್ಟುಗಳಿಗೂ ಕಾರಣ. ನಿಂಬೆಹಣ್ಣಿನ ಬದಲು ಚಿತ್ರಾನ್ನಕ್ಕೆ ಹಾಕಿದೆ, ಸಪ್ಪೆ ಆಯಿತು ಅಂದರೆ ಆಗಲೇಬೇಕು. ನಿಂಬೆರಸ ಹಿಂಡಿಯೇ ಹಿಂಡಬೇಕು, ಇದನ್ನು ಸಣ್ಣಗೆ ಹೆಚ್ಚಿ ಅನ್ನ ಕಲಸಿದ ಮೇಲೆ ಉದುರಿಸಬೇಕು. ಒಗ್ಗರಣೆಗೆ ಕರಿಬೇವಿನ ಜೊತೆ ಹಾಕಿದರೆ ಚಟಪಟ ಅಂದು ಕಪ್ಪಾಗುತ್ತದೆ, ಅಷ್ಟೇ. ಚಟ್ನಿಯನ್ನು ಇದೊಂದರಲ್ಲೇ ರುಬ್ಬಿದರೆ ಹಸಿಸೊಪ್ಪಿನ ರುಚಿ ಮುಂದಾಗುತ್ತದೆ. ಮೂರು ಪಾಲು ಕೊತ್ತಂಬರಿ, ಒಂದು ಪಾಲು ಇದು ಸರಿ. ದೊಡ್ಡಪತ್ರೆ ತಂಬುಳಿ ಮಾಡುವವರು ಎಲೆಯನ್ನು ತುಪ್ಪದಲ್ಲಿ ಬಾಡಿಸುತ್ತಾರೆ. ಇದಕ್ಕೆ ಆ ಹೆಜ್ಜೆ ಬಿಟ್ಟುಬಿಡಿ. ಜೀರಿಗೆ, ಮೆಣಸು ಮಾತ್ರ ಹುರಿದು, ಕಾಯಿತುರಿ ಜೊತೆ ಎಲೆಯನ್ನು ಹಸಿಯಾಗೇ ರುಬ್ಬಿ ಮಜ್ಜಿಗೆಗೆ ಬೆರೆಸಿ. ನನ್ನ ಕೇಳಿದರೆ ಇದಕ್ಕೆ ಸರಿಯಾದ ಜಾಗ ಹೆಸರುಬೇಳೆ ಕೋಸಂಬರಿ, ನೀರು ಮಜ್ಜಿಗೆ, ರಾಮನವಮಿ ಪಾನಕ. ಬೆಲ್ಲ ಕರಗಿ, ಏಲಕ್ಕಿ, ನಿಂಬೆ ಎಲ್ಲ ಬಿದ್ದ ಮೇಲೆ ಕೊನೆಗೆ ಜಜ್ಜಿದ ಏಳೆಂಟು ಎಲೆ ಹಾಕಿ, ಹತ್ತು ನಿಮಿಷ ಬಿಟ್ಟು ತೆಗೆದುಬಿಡಿ. ರಾತ್ರಿಯಿಡೀ ಬಿಟ್ಟರೆ ಎಲೆ ಕಪ್ಪಾಗಿ ಪಾನಕ ಕೆಡುತ್ತದೆ.

ಒಣಗಿಸಿದ ಎಲೆ ಕಪ್ಪಾಯಿತು ಅಂದರೆ ಮೂರರಲ್ಲಿ ಒಂದು: ಒದ್ದೆ ಇರುವಾಗಲೇ ರಾಶಿ ಹಾಕಿದ್ದೀರಿ, ಕೀಳುವಾಗ ಜಜ್ಜಿದ್ದೀರಿ, ಇಲ್ಲ ಟೆರೇಸಿನ ಬಿಸಿಲಲ್ಲಿ ಹಪ್ಪಳದ ಪಕ್ಕ ಹರಡಿದ್ದೀರಿ. ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಮೊರದ ಮೇಲೆ ಒಂದೇ ಪದರ ಹರಡಿ, ಫ್ಯಾನ್ ಕೆಳಗೆ ನೆರಳಲ್ಲಿ ಇಡಿ. ದಂಟು ಟಕ್ ಅಂತ ಮುರಿದರೆ ಆಯಿತು, ಬಗ್ಗಿದರೆ ಇನ್ನೂ ಬೇಕು. ಮಳೆಗಾಲದಲ್ಲಿ ಈ ಸಾಹಸಕ್ಕೆ ಹೋಗಬೇಡಿ, ಬೂಷ್ಟು ಹಿಡಿಯುತ್ತದೆ. ಹೆಚ್ಚಿ ಐಸ್ ಟ್ರೇಯಲ್ಲಿ ನೀರಿನ ಜೊತೆ ಗಟ್ಟಿ ಮಾಡಿಟ್ಟುಕೊಳ್ಳಿ. ಒಣಗಿದ್ದನ್ನು ಪುಡಿ ಮಾಡದೆ ಇಡೀ ಎಲೆಯಾಗೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ, ಬಳಸುವಾಗ ಪುಡಿ ಮಾಡಿ.

ಕುಡಿದೆ, ನಿದ್ದೆ ಬರಲಿಲ್ಲ ಅಂತಲೂ ದೂರು ಬರುತ್ತದೆ. ಮನಸ್ಸು ಹಗುರಾಗಲು, ನಿದ್ದೆಗೆ, ಹೊಟ್ಟೆ ಉಬ್ಬರಕ್ಕೆ ಯುರೋಪಿನಲ್ಲಿ ಇದನ್ನು ಕುಡಿಯುವ ರೂಢಿ ಹಳೆಯದು. ಜರ್ಮನಿಯ ಕಲೋನ್‌ನಲ್ಲಿ 1826ರಲ್ಲಿ ಸನ್ಯಾಸಿನಿ ಮರಿಯಾ ಕ್ಲೆಮೆಂಟೀನ್ ಮಾರ್ಟಿನ್ ಶುರುಮಾಡಿದ ಇದರ ಅರಕ್ ಈಗಲೂ ಅಲ್ಲಿ ಮಾರಾಟವಾಗುತ್ತದೆ. ಆದರೆ ಒಂದು ಲೋಟ ಟೀ ನಿದ್ದೆ ಮಾತ್ರೆ ಅಲ್ಲ, ಅದರಿಂದ ಅಷ್ಟು ನಿರೀಕ್ಷೆ ಬೇಡ. ಥೈರಾಯ್ಡ್ ಮಾತ್ರೆ ಅಥವಾ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು ದಿನಾ ಕುಡಿಯುವ ಮುಂಚೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ. ಕೋಸಂಬರಿಗೆ ಉದುರಿಸುವ ನಾಲ್ಕು ಎಲೆಗೆ ಆ ಚಿಂತೆ ಬೇಡ.

ಇಷ್ಟೆಲ್ಲ ನೋಡಿಯೂ ಗಿಡ ಏಳದಿದ್ದರೆ ಹಟ ಹಿಡಿಯಬೇಡಿ. ಇನ್ನೂ ಹಸಿರಾಗಿರುವ ತುದಿ ಎರಡು ಮೂರು ಕತ್ತರಿಸಿ ನೀರಿಗಿಡಿ. ಬೇರು ಕೊಳೆತು ಹೋಗಿದ್ದ ಮಣ್ಣನ್ನು ಪುದೀನಕ್ಕೋ ತುಳಸಿಗೋ ಮತ್ತೆ ಹಾಕಬೇಡಿ. ಬೇಸಿಗೆಯಾಗಿದ್ದರೆ ಪ್ಲಾಸ್ಟಿಕ್ ಹಾಳೆಯಡಿ ಕೆಲವು ವಾರ ಒದ್ದೆಯಾಗಿ ಬಿಸಿಲಿಗೆ ಬಿಟ್ಟು ಆಮೇಲೆ ಬಳಸಬಹುದು. ಕುಂಡ ಉಜ್ಜಿ ತೊಳೆದು ಒಣಗಿಸಿ, ತಳದ ತೂತು ಸ್ಕ್ರೂಡ್ರೈವರ್‌ನಲ್ಲಿ ಬಿಡಿಸಿ, ಹೊಸ ಸಸಿಯನ್ನು ಜೂನ್ ಜುಲೈಯಲ್ಲೋ ನವೆಂಬರ್‌ನಲ್ಲೋ ಕೂರಿಸಿ.